ಕೆಮ್ಮಿನ ಪುಸ್ತಕ

ಕೆಂಪು ಬೈಂಡಿನ ಲೆಡ್ಜರು,
ಮಿಲ್ಲು ಮುಚ್ಚಿದ ದಿನ ನಮ್ಮಪ್ಪ ಕಂಕುಳಲ್ಲಿಟ್ಟು ತಂದದ್ದು.
ನೂಲಿನ ಲೆಕ್ಕಕ್ಕೆಂದು ಎಳೆದ ಗೆರೆಗಳಲ್ಲಿ
ಕೆಮ್ಮಿನ ಲೆಕ್ಕ ಬರೆದೆವು:
ಹೆಸರು, ವಯಸ್ಸು, ಯಾವ ಭಟ್ಟಿ, ಎಷ್ಟು ದಿನದಿಂದ,
ಕಫದ ಬಣ್ಣ, ಆಸ್ಪತ್ರೆಗೆ ಹೋದದ್ದು,
ಕೊನೆಗೆ ಜಬೀನಾ ಅಡಿಪಟ್ಟಿ ಇಟ್ಟು ಗೆರೆ ಎಳೆದ
ಏಳನೆಯದು: ಕಾರಣ.

ದಾವಣಗೆರೆಯ ಮಂಡಕ್ಕಿ ಓಣಿಗಳಲ್ಲಿ
ಬೆಳಕು ಹರಿಯುವ ಮೊದಲೇ ಹೊಗೆ ಹರಿಯುತ್ತದೆ.
ಕಾದ ಮರಳಲ್ಲಿ ಅಕ್ಕಿ ಬಾಯಿ ಬಿಡುವಷ್ಟರಲ್ಲಿ
ಒಲೆಯ ಮುಂದಿನ ಹೆಂಗಸು ಎರಡು ಸಲ ಬಾಯಿ ಮುಚ್ಚಿಕೊಂಡಿರುತ್ತಾಳೆ.
ಒಲೆಗೆ ಹೊಟ್ಟು. ಹೊಟ್ಟು ಸಾಲದಿದ್ದರೆ ಹಳೇ ಟೈರು.
ಹಾಗೆಂದು ಬರೆದೆವು.

ಐವರಿದ್ದೆವು. ಬಹಳ ದಿನ ಸಂಘಕ್ಕೆ ಹೆಸರೇ ಇರಲಿಲ್ಲ.
ರಿಜಿಸ್ಟ್ರಿಗೆ ಹೋದಾಗ ಗುಮಾಸ್ತ ಕೇಳಿದ, ಕೊಟ್ರಮ್ಮ ಅಂದಳು,
‘ಬರ್ಕೊಳ್ರಿ, ಉಸಿರು ಸಂಘ.’
‘ಉಸಿರಿಗೂ ಫೀಸು ಐತಮ್ಮ’ ಎಂದು ನಕ್ಕ.
ಆವತ್ತು ನಾವೂ ನಕ್ಕಿದ್ದೆವು.

ಸರ್ಕಾರದಿಂದ ತಲೆಗೆ ಎಂಟುನೂರು.
ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ,
ಆಮೇಲೆ ಒಂದು ಕಾಗದ:
‘ಅನುದಾನ ಲಭ್ಯವಿಲ್ಲದ ಕಾರಣ...’
ನೋಡಿ, ಅವರ ಕಾಗದದಲ್ಲೂ ಇತ್ತು ಆ ಪದ.

ಹಿಂದೆಯೇ ಟೆಂಡರು, ಅದರ ಹಿಂದೆ ಬಿಳೀ ಕಾರು.
ಏಜೆನ್ಸಿಯ ಹುಡುಗ ಒಳ್ಳೆಯವನೇ;
ಚಾಪೆಯ ಮೇಲೆ ಕೂತು ಚಾ ಕುಡಿದ,
ಮಿರ್ಚಿ ಕಚ್ಚಿ ಕಣ್ಣೊರೆಸಿಕೊಂಡ.
‘ಕೆಲಸ ನೀವೇ ಮಾಡ್ರಿ ಅಕ್ಕ, ಹೆಸರು ನಮ್ದಿರ್ತದೆ.
ಮನೆಗೆ ಹತ್ತು ರೂಪಾಯಿ. ಪುಸ್ತಕ ಬ್ಯಾಡ, ಎಲ್ಲಾ ಮೊಬೈಲ್ನಾಗೆ.’

ಜಬೀನಾ ಬೆರಳಲ್ಲಿ ಸರಿಸಿ ಸರಿಸಿ ನೋಡಿದಳು.
ಹೆಸರಿತ್ತು, ವಯಸ್ಸಿತ್ತು,
ಕಫಕ್ಕೆ ನಾಲ್ಕು ಬಣ್ಣದ ಚುಕ್ಕೆಗಳಿದ್ದವು.
ಆರನೆಯದರ ಕೆಳಗೆ ಹಸಿರು ಗುಂಡಿ: ಸಲ್ಲಿಸಿ.
‘ಏಳನೇದು?’
‘ಅದು ನಮ್ಮ ಸ್ಕೋಪಿನಾಗೆ ಬರಲ್ಲಕ್ಕ.’

ಅದೇ ವಾರ ಗೌಸ್ ಸಾಬರು ಬಂದರು, ಆರು ಭಟ್ಟಿಯ ಮಾಲೀಕರು.
‘ಸರ್ಕಾರದ ಹಂಗು ಯಾಕ್ರವ್ವ ನಿಮಗೆ? ನಾನಿಲ್ವಾ?
ತಿಂಗಳಿಗೆ ಐದು ಸಾವಿರ. ಒಂದೇ ಮಾತು,
ಆ ಟೈರಿನ ವಿಚಾರ...’
ಮುಗಿಸುವ ಮೊದಲೇ ಕೆಮ್ಮು ಬಂತು.
ಕೊಟ್ರಮ್ಮ ನೀರು ಕೊಟ್ಟಳು.
ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ.
ನೂರಾ ಹದಿನಾರನೇ ಪುಟದಲ್ಲಿದ್ದಾರೆ ಈಗಲೂ,
ಏಳನೆಯ ಕಾಲಮ್ಮಿನಲ್ಲಿ
ಅವರದೇ ಭಟ್ಟಿಯ ಹೆಸರು.

ಅವರ ದುಡ್ಡು ಬೇಡವೆಂದೆವು. ಬೇಡವೆನ್ನಲು
ರಾತ್ರಿ ಹನ್ನೊಂದರ ತನಕ ಜಗಳವಾಡಿದೆವು.
ಕೊಟ್ರಮ್ಮ ಬೆಳಿಗ್ಗೆ ಏಜೆನ್ಸಿಗೆ ಸೇರಿದಳು.
ಬೈಯಲಾರೆ: ಮಗಳ ನರ್ಸಿಂಗು ಇನ್ನೂ ಎರಡು ವರ್ಷ,
ಫೀಸಿನ ರಸೀದಿಗೆ ಸಿದ್ಧಾಂತ ಓದಲು ಬರುವುದಿಲ್ಲ.
ಸೀರೆಯ ಮೇಲೆ ನೀಲಿ ಕೋಟು.
ಅದೇ ಬಾಗಿಲನ್ನು ಮುಂಜಾನೆ ಅವಳು ತಟ್ಟುತ್ತಾಳೆ, ಸಂಜೆ ನಾವು.
ಜನ ಈಗ ಎರಡು ಸಲ ಕೆಮ್ಮಬೇಕು,
ಒಮ್ಮೆ ಮೊಬೈಲಿಗೆ, ಒಮ್ಮೆ ಪುಸ್ತಕಕ್ಕೆ.

ಆಟೋ ಖರ್ಚಿಗೆ ಭಟ್ಟಿಯ ಹೆಂಗಸರು
ವಾರಕ್ಕೊಂದು ಸೇರು ಮಂಡಕ್ಕಿ ಸುರಿಯುತ್ತಾರೆ.
ಚೀಲ ನಮಗಿಂತ ಎತ್ತರ, ಎತ್ತಿದರೆ ಗಾಳಿ.
ಹೊತ್ತು ನಡೆದರೆ ಓಣಿಗೇ ಶ್ರೀಮಂತರ ಹಾಗೆ ಕಾಣುತ್ತೇವೆ,
ಮಾರಿದರೆ ಮುನ್ನೂರು.
ಅದೂ ಅದೇ ಟೈರಿನ ಬೆಂಕಿಯಲ್ಲಿ ಹುರಿದದ್ದು.
ಗೊತ್ತಿದೆ. ಅದನ್ನೂ ಬರೆದಿಟ್ಟಿದ್ದೇವೆ.

ಪುಸ್ತಕದಲ್ಲಿ ಇನ್ನು ಹನ್ನೊಂದು ಹಾಳೆ.
ನಿನ್ನೆ ರಾತ್ರಿ ಕೊಟ್ರಮ್ಮ ಬಂದಳು,
ನೀಲಿ ಕೋಟು ಮಡಚಿ ಸೆರಗಿನೊಳಗೆ.
‘ಇವತ್ತು ಮೂವತ್ತೊಂದು ಮನಿ ಆತು. ಬರ್ಕೋ.’
ಏಳನೆಯದಷ್ಟೇ ಹೇಳಿದಳು,
ಬೆರಳು ಮಡಚುತ್ತ, ಒಂದೊಂದೇ ಮನೆ.
ನಡುವೆ ತಾನೂ ಕೆಮ್ಮಿದಳು.
ಇಬ್ಬರೂ ಕೇಳದವರ ಹಾಗೆ ಕೂತೆವು.